ಗಾಲಿ ಮ್ಯಾಲಿನ ಸೀಟು ಬ್ಯಾಡ

ಧಾರವಾಡ ಲೈನಬಜಾರದಾಗ ನದಾಫರ ಇರ್ಫಾನನ ಅಂಗಡಿ.
ಕಂಪ್ಯೂಟರ ನಮ್ಮ ಕಡೆ ತಿರಿವಿ ಅಂದ:
"ಆರಿಸ್ರಿ ಕಾಕಾ, ಕಾಕೂಗ ಯಾ ಸೀಟು?"
ಚಷ್ಮಾ ಒರಿಸಿಕೊಂಡು ಮುಂದ ಸರದೆ.
ಮೂವತ್ತೊಂದು ವರ್ಷ ಕಂಡಕ್ಟರಕಿ ಮಾಡೇನಿ,
ಹುಬ್ಬಳ್ಳಿ–ನವಲಗುಂದ. ಸೀಟಿನ ವಿಷಯಾ
ನನಗ್ಯಾರೂ ಹೇಳಿಕೊಡಬ್ಯಾಡ್ರಿ.

ವಿಮಾನಾ ಅಂದ್ರೂ ಅಷ್ಟ, ಗಾಡಿ ಗಾಡಿನ.
ಗಾಲಿ ಮ್ಯಾಲಿನ ಸೀಟು ಬ್ಯಾಡ, ಮೊಣಕಾಲು ಗದ್ದಕ್ಕ ಬರತಾವ.
ಕಟ್ಟಕಡೀ ಸಾಲು ಬ್ಯಾಡ, ಎತ್ತಿ ಒಗೀತೈತಿ.
ತತ್ತಿ ಬುಟ್ಟಿ ತೊಡಿ ಮ್ಯಾಲಿಟಗೊಂಡು ಕುಂತಾಕಿ ಒಬ್ಬಾಕಿ
ಹೆಬಸೂರ ದಾಟೂದ್ರಾಗ ಆಮ್ಲೆಟ್ ಇಳಿಸಿದ್ಲು.
ಬಾಗಲದ ಹಂತೇಲಿ ಬ್ಯಾಡ,
ಏರಾವ್ರ ಇಳಿಯಾವ್ರ ಚೀಲ ಮಾರಿಗೆ ಬಡೀತಾವ.

ಇರ್ಫಾನ ನಕ್ಕ. "ನಡಕ ಯಾರೂ ಏರೂದಿಲ್ಲ ಕಾಕಾ,
ಹನ್ನೆರಡು ತಾಸು ಎಲ್ಲೂ ನಿಂದ್ರೂದಿಲ್ಲ."
ಹನ್ನೆರಡು ತಾಸು!
ಚಾ ಕುಡಿಯಾಕೂ ನಿಂದ್ರೂದಿಲ್ಲಂದ್ರ
ಆ ಡ್ರೈವ್ಹರನ ಹೊಟ್ಟಿ ಕಲ್ಲಿಂದೇನು?

ಕಿಡಕಿಯಿಂದ ಟಾವೆಲ್ ಒಗದು ಹಿಡದ ಸೀಟಿನ ಸಲುವಾಗಿ
ನಾ ಬಿಡಿಸಿದ ಜಗಳಾ ಲೆಕ್ಕಿಲ್ಲ.
ಇಲ್ಲಿ ಟಾವೆಲ್ಲಿಲ್ಲ, ಒಂದು ಸಣ್ಣ ಬಾಣ;
ಅದು ಮುಟ್ಟಿದ್ರ ಹಸರ ಸೀಟು ನೀಲಿ ಆಗತೈತಿ.
ಕಾಲು ಚಾಚೂ ಸೀಟಿಗೆ ಆರು ಸಾವಿರ ಮ್ಯಾಲ.
ನಮ್ಮ ದಾಕ್ಷಾಯಣಿ ನಾಕು ಫೂಟು ಹತ್ತಿಂಚು,
ಕಾಲು ನೆಲಕ್ಕ ಮುಟ್ಟಿದ್ರ ಸಾಕು.

ಆಕಿ ಇನ್ನೂ ಮಾತಾಡಿದ್ದಿಲ್ಲ.
ಮೆಲ್ಬೋರ್ನದಾಗ ಎಂಟು ದಿನದ ಪ್ರದರ್ಶನ,
ಮಂದಿ ಮುಂದ ಕುಂತು ಕಸೂತಿ ಹಾಕಾಕ ಕರದಾರ.
ಪಾಸಪೋರ್ಟ ಆಕೀದು. ಸಹಿ ಆಕೀದು.
ನಂದು ಬರೇ ಬಾಯಿ.

ಪಡದೆ ಹಂತೇಲಿ ಮಾರಿ ಒಯ್ದಳು,
ಎಳಿ ಎಣಸೂವಾಗ ಒಯ್ಯತಾಳಲ್ಲ, ಹಂಗ.
ಮೂರು, ಮೂರು, ಮೂರು. ನಡುವ ಎರಡು ಓಣಿ.
"ಮುರಗಿ ಹಾಕಾಕ ಛಲೋ ಅರಿವಿ," ಅಂದಳು.
ಆಮ್ಯಾಲ: "ತಮ್ಮಾ, ಬೆಳಕು ಯಾ ಕಡಿಂದ ಬರತೈತಿ?"
ಸೂಜಿ ಒಳಗ ಬಿಡತಾರೋ ಇಲ್ಲೋ, ಅಂದೆ ನಾನು.
"ಸೂಜಿ ಇರದಿದ್ರೂ
ಕೈ ನೆರಳು ಕೈ ಮ್ಯಾಲ ಬೀಳಬಾರದು."
ಎಡಗಡೆ ಕಿಡಕಿ. ಮೂವತ್ನಾಕು ಎ. ಬೆರಳಿಟ್ಟಳು.

ಬರೂವಾಗಿಂದು?
ಮತ್ತ ಅದ, ಮೂವತ್ನಾಕು ಎ.
"ಈ ಸಲ ಬಲಗಡೆ ತೊಗೋ," ಅಂದೆ,
"ಆ ಕಡಿಂದೂ ನೋಡಬೇಕಲ್ಲ?"
ಆಕಿ ನೋಡಿದ ನೋಟ
ಚಿಲ್ಲರೆ ಕೊಡದ ಕಂಡಕ್ಟರಗ ನೋಡೂವಂಥಾದ್ದು.
"ಗವಂತಿ ಕಂಡಿಲ್ಲೇನು ನೀವು, ಇಷ್ಟು ವರ್ಷ ಮನ್ಯಾಗ?
ಹೋಗೂವಾಗ ಒಂದು ಹೊಲಿಗಿ, ಒಂದು ಖಾಲಿ,
ಒಂದು ಹೊಲಿಗಿ, ಒಂದು ಖಾಲಿ.
ತಿರಿಗಿ ಅದ ಹಾದಿ ಹಿಡದು ಬಂದ್ರ
ಖಾಲಿ ಇದ್ದದ್ದು ತುಂಬತೈತಿ.
ಗಾಡಿ ತಿರಿಗಿದ ಮ್ಯಾಲ
ಎಡಾ ಎಲ್ಲಿ ಉಳೀತು ಎಡಾ?"

ಇರ್ಫಾನ ಮೌಸ್ ಹಿಡದು ಸುಮ್ಮ ಕುಂತ.
ನಾನೂ ಸ್ಟೂಲಿನ ಮ್ಯಾಲ ಕುಂತೆ.

ಬಾಗಲದ ಹಂತೇಲಿ, ಎಡಕ್ಕ, ನನ್ನ ಸೀಟು.
ಹೋಗೂವಾಗ ಎರಿ ಹೊಲ, ಕಡ್ಲಿ, ಕುಸಬಿ,
ಬೆಣ್ಣಿಹಳ್ಳದ ಬಳಕ.
ಬರೂವಾಗ ಬಂದ್ ಬಿದ್ದ ಅರಳಿ ಜಿನ್ನು,
ಒಂದು ವಾಲಿದ ಬೇವಿನಗಿಡ, ಅದರ ಬುಡಕ
ದಿನಾ ಯಾರದೋ ಸೈಕಲ್.
ಎರಡೂ ಬ್ಯಾರೆ ಬ್ಯಾರೆ ಸೀಮಿ ಅನಕೊಂಡಿದ್ದೆ.
ಟಿಕೇಟ ಹರಕೋತ ಕುಂತಾವಗ
ಹೊಲಿಗಿ ಬಿತ್ತೋ ಬಿಡ್ತೋ ಏನು ಗೊತ್ತು.

"ಊಟಾ ಶಾಕಾಹಾರಿ ಹಾಕಲ್ಯಾ ಕಾಕೂ?"
"ಹಾಕು. ಮೊಸರು ಇರತೈತೇನು ಕೇಳು."

ಮನಿಗೆ ಬರೂವಾಗ ಸಿಟಿ ಬಸ್ಸು ಗದ್ದಲ.
ಆಕಿ ನನ್ನ ಕೇಳಲಿಲ್ಲ. ನೆಟ್ಟಗ ಹೋಗಿ
ಗಾಲಿ ಮ್ಯಾಲಿನ ಕಿಡಕಿ ಸೀಟಿನ್ಯಾಗ ಕುಂತಳು.
ಗಿಡ್ಡಾಕಿ, ಮೊಣಕಾಲು ಗದ್ದಕ್ಕ ಬರಲಿಲ್ಲ.
ನಾ ಸಳಿ ಹಿಡದು ನಿಂತೆ.
ಕಂಡಕ್ಟರ ಹುಡುಗಿ ಬಂದಳು.
ದಾಕ್ಷಾಯಣಿಗೆ ಝೀರೋ ಟಿಕೇಟ ಕೊಟ್ಟು
ನನ್ನ ಕಡೆ ಕೈ ಚಾಚಿದಳು, "ಚಿಲ್ಲರೆ ಕೊಡ್ರಿ."
ನನ್ನ ಹಂತೇಲಿ ಚಿಲ್ಲರೆ ಇರಲಿಲ್ಲ.